ಕ್ಲಾದ್ರುಬಿಯ ಕುದುರೆ ಫಾರಂ ಮತ್ತು ಹಳೆಯ ಸಾರೋಟುಗಳನ್ನು ನೋಡುವ ಬಗೆ

ಅರಮನೆಯ ಹಳೆಯ ಸಾರೋಟುಗಳನ್ನು ನೋಡುವ ಅವಕಾಶ ಯುರೋಪಿನ ಹಲವು ನಗರಗಳಲ್ಲಿ ಸಿಗುತ್ತದೆ. ಆದರೆ ಸಾರೋಟು ನಿಂತಿರುವ ಆವರಣದಲ್ಲೇ ಅದನ್ನು ಎಳೆಯಲೆಂದು ನಾಲ್ಕು ಶತಮಾನಗಳಿಂದ ಬೆಳೆಸಿಕೊಂಡು ಬಂದ ಕುದುರೆಯ ತಳಿಯೂ ಇರುವ ಜಾಗಗಳು ತೀರ ವಿರಳ. ಜೆಕ್ ಗಣರಾಜ್ಯದ ಕ್ಲಾದ್ರುಬಿ ನಾದ್ ಲಾಬೆಮ್ ಎಂಬ ಹಳ್ಳಿಯಲ್ಲಿರುವ ರಾಷ್ಟ್ರೀಯ ಅಶ್ವಸಂವರ್ಧನಾ ಕೇಂದ್ರ ಅಂಥದ್ದೊಂದು ಜಾಗ. ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಎರಡನೆಯ ರುಡಾಲ್ಫ್ 1579ರಲ್ಲಿ ಇಲ್ಲಿದ್ದ ಕುದುರೆ ಫಾರಮ್ಮಿಗೆ ಚಕ್ರಾಧಿಪತ್ಯದ ಆಸ್ಥಾನದ ಫಾರಂ ಎಂಬ ಪದವಿ ಕೊಟ್ಟನು. ರಥೋತ್ಸವಕ್ಕೆ ರಥವಿದ್ದಂತೆ ರಾಜವೈಭವದ ಮೆರವಣಿಗೆಗೆ ಸಾರೋಟು ಬೇಕಿದ್ದ ಕಾಲ ಅದು. ಅದನ್ನು ಗಾಂಭೀರ್ಯದಿಂದ ಎಳೆಯಬಲ್ಲ ಕುದುರೆಗಳನ್ನು ಒದಗಿಸುವುದು ಈ ಫಾರಮ್ಮಿನ ಹೊಣೆಯಾಗಿತ್ತು. ಇಲ್ಲಿನ ಹುಲ್ಲುಗಾವಲು, ಸಾಲುಮರಗಳ ಹಾದಿ, ಲಾಯ ಮತ್ತು ಕಟ್ಟಡಗಳನ್ನು ಒಟ್ಟಾಗಿ 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಈ ಜಾಗಕ್ಕೆ ಹೋಗುವವರಿಗೆ ನಾನು ಮೊದಲು ಹೇಳಬಯಸುವುದು ಒಂದೇ ಮಾತು: ಸಾರೋಟುಗಳ ಮನೆಗೆ ಕೊನೆಯಲ್ಲಿ ಹೋಗಿ. ಮೊದಲು ಲಾಯದ ಕುದುರೆಯನ್ನು, ಆಮೇಲೆ ಅದು ಓಡುವ ನೆಲವನ್ನು ನೋಡಿ. ಗಾಡಿಗೆ ಕಟ್ಟಿದ ಜೋಡಿಯೊಂದು ಎದುರಾದರೆ ಅದರ ಹೆಜ್ಜೆಯನ್ನೂ ಗಮನಿಸಿ. ಇಷ್ಟನ್ನು ನೋಡಿ ಬಂದವರಿಗೆ ಸಾರೋಟಿನ ಎತ್ತರ, ಅದರ ಭಾರ, ಸಾರಥಿಯ ಪೀಠ ಅಷ್ಟು ಮೇಲಿರುವ ಕಾರಣ, ಕುದುರೆಗಳನ್ನು ಕಟ್ಟುವ ಮೂಕಿಯ ಉದ್ದ ಎಲ್ಲವೂ ತಾನಾಗಿ ಅರ್ಥವಾಗತೊಡಗುತ್ತವೆ. ಬಂದ ಕೂಡಲೇ ಸಾರೋಟಿನ ಮನೆಗೆ ನುಗ್ಗಿದವರು ಬಣ್ಣ ಮತ್ತು ಚಿನ್ನದ ಗೆರೆಗಳನ್ನು ಮಾತ್ರ ನೋಡಿ ಹೊರಬರುತ್ತಾರೆ.

ಹೋಗುವ ದಾರಿ ಮತ್ತು ಸಮಯ

ಹಳ್ಳಿ ಇರುವುದು ಪ್ರಾಗ್ ನಗರದಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಲಾಬೆ ನದಿಯ ಬಯಲಿನಲ್ಲಿ. ಜರ್ಮನಿಗೆ ಹರಿದುಹೋದ ಮೇಲೆ ಎಲ್ಬೆ ಎನಿಸಿಕೊಳ್ಳುವ ನದಿ ಇದೇ. ಕಾರಿನಲ್ಲಿ ಹೋಗುವವರು ಒಂದು ಎಚ್ಚರ ವಹಿಸಬೇಕು: ಜೆಕ್ ದೇಶದಲ್ಲಿ ಕ್ಲಾದ್ರುಬಿ ಎಂಬ ಹೆಸರಿನ ಊರು ಒಂದಲ್ಲ, ಹಲವು. ಪಶ್ಚಿಮದಲ್ಲಿ ಹಳೆಯ ಕ್ರೈಸ್ತ ಮಠಕ್ಕೆ ಹೆಸರಾದ ಇನ್ನೊಂದು ಕ್ಲಾದ್ರುಬಿ ಇದೆ. ಆದ್ದರಿಂದ ನಕ್ಷೆಯಲ್ಲಿ ಹುಡುಕುವಾಗ ‘ನಾದ್ ಲಾಬೆಮ್’ ಎಂಬ ಭಾಗವನ್ನು ಬಿಡದೆ ಸೇರಿಸಬೇಕು. ಇಲ್ಲದಿದ್ದರೆ ದೇಶದ ಮತ್ತೊಂದು ತುದಿಗೆ ತಲುಪುವ ಸಾಧ್ಯತೆ ಇದೆ.

ರೈಲಿನಲ್ಲಿ ಹೋಗುವವರಿಗೆ ಪ್ರಾಗ್ ಮತ್ತು ಪಾರ್ದುಬಿತ್ಸೆ ನಡುವಿನ ಮುಖ್ಯ ಮಾರ್ಗವೇ ಸಾಕು. ವೇಗದ ರೈಲುಗಳು ಚಿಕ್ಕ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕೊಲೀನ್ ಅಥವಾ ಪಾರ್ದುಬಿತ್ಸೆಯಲ್ಲಿ ಇಳಿದು, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ರ್ಜೆಚಾನಿ ನಾದ್ ಲಾಬೆಮ್ ನಿಲ್ದಾಣಕ್ಕೆ ಬರಬೇಕು. ಆ ನಿಲ್ದಾಣದಿಂದ ನದಿ ದಾಟಿ ಕೆಲವೇ ಕಿಲೋಮೀಟರ್ ನಡೆದರೆ ಕ್ಲಾದ್ರುಬಿ ಸಿಗುತ್ತದೆ. ನೆಲ ಸಮತಟ್ಟಾಗಿರುವುದರಿಂದ ಸೈಕಲ್ ಇದ್ದರೆ ಇನ್ನೂ ಅನುಕೂಲ. ಸಣ್ಣ ಮಕ್ಕಳು ಅಥವಾ ಹಿರಿಯರು ಜೊತೆಗಿದ್ದರೆ ಪಾರ್ದುಬಿತ್ಸೆಯಿಂದ ಟ್ಯಾಕ್ಸಿ ಹಿಡಿಯುವುದು ಒಳ್ಳೆಯದು. ದೂರ ಸುಮಾರು 25 ಕಿಲೋಮೀಟರ್. ಜರ್ಮನಿಯಲ್ಲೋ ಆಸ್ಟ್ರಿಯಾದಲ್ಲೋ ಉದ್ಯೋಗದಲ್ಲಿರುವ ಕನ್ನಡಿಗರಿಗೆ ಇದು ವಾರಾಂತ್ಯದ ಪ್ರವಾಸಕ್ಕೆ ಒಗ್ಗುವ ಊರು. ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಒಂದಿದ್ದರೆ ಪ್ರಾಗ್ ಮತ್ತು ವಿಯೆನ್ನಾ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿಕೊಳ್ಳಬಹುದು. ಈ ಎರಡು ನಗರಗಳ ನಡುವಿನ ರೈಲುಗಳು ಪಾರ್ದುಬಿತ್ಸೆಯ ಮೂಲಕವೇ ಸಾಗುತ್ತವೆ.

ಭೇಟಿಗೆ ಒಳ್ಳೆಯ ಕಾಲವೆಂದರೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಮರಿಗಳು ಹುಟ್ಟುವುದು ಹೆಚ್ಚಾಗಿ ಚಳಿಗಾಲದ ಕೊನೆಯಿಂದ ವಸಂತದವರೆಗೆ. ಹೀಗಾಗಿ ಮೇ, ಜೂನ್ ತಿಂಗಳುಗಳಲ್ಲಿ ತಾಯಿಯ ಜೊತೆ ಹುಲ್ಲುಗಾವಲಿನಲ್ಲಿ ಓಡಾಡುವ ಮರಿಗಳು ಕಾಣಸಿಗುತ್ತವೆ. ಇದು ಪ್ರತಿದಿನ ಕೆಲಸ ನಡೆಯುವ ಫಾರಂ ಆದ್ದರಿಂದ ಪ್ರವಾಸಿಗರಿಗೆ ತೆರೆದಿರುವ ದಿನ, ಗಂಟೆ ಮತ್ತು ಭಾಗಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಹೊರಡುವ ಮುನ್ನ ಫಾರಮ್ಮಿನ ಜಾಲತಾಣದಲ್ಲಿ ಆ ವಾರದ ವೇಳಾಪಟ್ಟಿಯನ್ನು ನೋಡಲೇಬೇಕು. ಜೆಕ್ ದೇಶದ ಕೋಟೆ, ಅರಮನೆಗಳಲ್ಲಿ ಬಹುಪಾಲು ಸೋಮವಾರ ಮುಚ್ಚಿರುತ್ತವೆ ಎಂಬುದೂ ನೆನಪಿರಲಿ. ಲಾಯ, ಅರಮನೆ, ಸಾರೋಟುಗಳ ಮನೆ ಇವುಗಳಿಗೆ ಬೇರೆ ಬೇರೆ ಸುತ್ತುಗಳಿರುವುದರಿಂದ ಟಿಕೆಟ್ ಕೊಳ್ಳುವಾಗ ಯಾವ ಸುತ್ತಿನಲ್ಲಿ ಏನೇನು ಸೇರಿದೆ ಎಂದು ಕೇಳಿ ತಿಳಿದುಕೊಳ್ಳುವುದು ಲೇಸು. ಮಾರ್ಗದರ್ಶಕರ ವಿವರಣೆ ಮುಖ್ಯವಾಗಿ ಜೆಕ್ ಭಾಷೆಯಲ್ಲಿರುತ್ತದೆ. ಗುಂಪಿನಲ್ಲಿ ಹೋಗುವವರು ಇಂಗ್ಲಿಷ್ ವಿವರಣೆಗಾಗಿ ಮುಂಚಿತವಾಗಿಯೇ ಬರೆದು ಕೇಳಬೇಕು.

ಊಟದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಇದು ಚಿಕ್ಕ ಹಳ್ಳಿ; ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ಸರಿ. ಜೆಕ್ ಹೋಟೆಲುಗಳಲ್ಲಿ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದ ಚೀಸ್ ಮತ್ತು ಆಲೂಗೆಡ್ಡೆ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಅದರ ಹೊದಿಕೆಯಲ್ಲಿ ಮೊಟ್ಟೆ ಇರುತ್ತದೆ.

ಲಾಯದಲ್ಲಿ ನೋಡಬೇಕಾದದ್ದು

ಕುಣಿಗಲ್‌ನ ಸ್ಟಡ್ ಫಾರಂ ಅಥವಾ ಮೈಸೂರು, ಬೆಂಗಳೂರಿನ ರೇಸ್ ಕೋರ್ಸ್‌ಗಳಲ್ಲಿ ಕುದುರೆಗಳನ್ನು ನೋಡಿದವರ ಕಣ್ಣಿಗೆ ಕ್ಲಾದ್ರುಬಿಯ ಕುದುರೆ ಬೇರೆಯೇ ಪ್ರಾಣಿಯಂತೆ ಕಾಣುತ್ತದೆ. ರೇಸಿನ ಥರೋಬ್ರೆಡ್ ಕುದುರೆಯ ಮೈ ತೆಳು, ಕಾಲು ಸಪೂರ, ಮುಖ ನೇರ. ನೆಲಕ್ಕೆ ಹತ್ತಿರವಾಗಿ ಉದ್ದುದ್ದ ಹೆಜ್ಜೆ ಹಾಕಿ ವೇಗ ಗಳಿಸುವುದು ಅದರ ಕೆಲಸ. ಸ್ಪೇನ್ ಮತ್ತು ಇಟಲಿಯ ಹಳೆಯ ತಳಿಗಳಿಂದ ಬೆಳೆದುಬಂದ ಕ್ಲಾದ್ರುಬಿಯ ಕುದುರೆಗೆ ಎದೆ ಅಗಲ, ಕತ್ತು ದಪ್ಪ ಮತ್ತು ಎತ್ತರಕ್ಕೆ ನಿಂತದ್ದು. ಪಕ್ಕದಿಂದ ನೋಡಿದರೆ ಹಣೆಯಿಂದ ಮೂಗಿನ ತುದಿಯವರೆಗೆ ಮುಖ ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ. ಓಡುವಾಗ ಮುಂಗಾಲನ್ನು ಮಂಡಿಯಿಂದ ಮೇಲೆತ್ತಿ ಇಡುತ್ತದೆ. ಆ ನಡಿಗೆಯಿಂದ ವೇಗ ಹೆಚ್ಚುವುದಿಲ್ಲ, ಆದರೆ ಮೆರವಣಿಗೆಗೆ ಬೇಕಾದ ಗಂಭೀರ ಲಯ ಬರುತ್ತದೆ. ಸಾರೋಟಿನಲ್ಲಿ ಕುಳಿತ ದೊರೆ ಬೀದಿಯ ಎರಡೂ ಬದಿಯ ಜನಕ್ಕೆ ಕಾಣಬೇಕಿತ್ತೇ ಹೊರತು ಅವಸರವಾಗಿ ಊರು ಸೇರಬೇಕಿರಲಿಲ್ಲ.

ಬಣ್ಣದ ವಿಷಯವನ್ನು ಸಾವಧಾನವಾಗಿ ಗಮನಿಸಿ. ಈ ತಳಿಯಲ್ಲಿ ಈಗ ಇರುವುದು ಎರಡೇ ಬಣ್ಣ, ಬಿಳಿ ಮತ್ತು ಕಪ್ಪು. ಬಿಳಿಯವು ಚಕ್ರವರ್ತಿಯ ಆಸ್ಥಾನದ ಮೆರವಣಿಗೆಗೆ, ಕಪ್ಪಿನವು ಧರ್ಮಾಧಿಕಾರಿಗಳ ಸಾರೋಟಿಗೆ ಮತ್ತು ಶೋಕಯಾತ್ರೆಗೆ ಮೀಸಲಾಗಿದ್ದವು. ಬಿಳಿಯ ಹಿಂಡು ಕ್ಲಾದ್ರುಬಿಯಲ್ಲೂ ಕಪ್ಪಿನ ಹಿಂಡು ಆಗ್ನೇಯಕ್ಕೆ ಸ್ವಲ್ಪ ದೂರದ ಸ್ಲಾತಿನ್ಯಾನಿಯಲ್ಲೂ ಇವೆ. ಹುಲ್ಲುಗಾವಲಿನ ಬೇಲಿಯ ಬಳಿ ನಿಂತರೆ ಹಾಲಿನಂಥ ಬಿಳಿಯ ತಾಯಿಯ ಮಗ್ಗುಲಲ್ಲಿ ಕಪ್ಪಗಿನ ಮರಿಯೊಂದು ಮೊಲೆಯುಣ್ಣುತ್ತಿರುವುದು ಕಂಡೀತು. ಅದು ಬೇರೆ ತಾಯಿಯ ಮರಿಯಲ್ಲ. ಬಿಳಿಯಾಗಲಿರುವ ಕುದುರೆಯೂ ಹುಟ್ಟುವಾಗ ಗಾಢ ಬಣ್ಣದ್ದಾಗಿಯೇ ಇರುತ್ತದೆ. ಹೆಚ್ಚಾಗಿ ಕಣ್ಣಿನ ಸುತ್ತ, ಮುಖದ ಮೇಲೆ ಬೂದು ಕೂದಲು ಮೂಡತೊಡಗಿ, ವರ್ಷಗಳು ಕಳೆದಂತೆ ಮೈಯೆಲ್ಲ ಬೆಳ್ಳಗಾಗುತ್ತದೆ. ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುವುದರಿಂದ ಬಿಳಿಯ ಕುದುರೆಯ ಮೂತಿ ಮತ್ತು ಕಣ್ಣಿನ ಅಂಚು ಕಪ್ಪಾಗಿ ಕಾಣುತ್ತವೆ. ಎರಡು, ಮೂರು, ನಾಲ್ಕು ವರ್ಷದ ಎಳೆಯ ಕುದುರೆಗಳನ್ನು ಒಟ್ಟಿಗೆ ನೋಡುವ ಅವಕಾಶ ಸಿಕ್ಕರೆ ಈ ಬದಲಾವಣೆಯ ಹಂತಗಳನ್ನೆಲ್ಲ ಒಂದೇ ಕಡೆ ಗುರುತಿಸಬಹುದು.

ಈ ಹಿಂಡು ಸಲೀಸಾಗಿ ಉಳಿದುಬಂದದ್ದಲ್ಲ ಎಂಬುದನ್ನು ತಿಳಿದು ನೋಡಿದರೆ ಲಾಯದ ಪ್ರತಿ ಕುದುರೆಯೂ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಸಪ್ತವಾರ್ಷಿಕ ಯುದ್ಧದ ಕಾಲದಲ್ಲಿ, 1757ರಲ್ಲಿ, ಇಲ್ಲಿ ಬೆಂಕಿ ಬಿದ್ದು ಕಟ್ಟಡಗಳ ಜೊತೆ ವಂಶಾವಳಿಯ ದಾಖಲೆಗಳೂ ಸುಟ್ಟುಹೋದವು. ಕುದುರೆಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಚಕ್ರವರ್ತಿ ಎರಡನೆಯ ಜೋಸೆಫನ ಕಾಲದಲ್ಲಿ ಫಾರಂ ಮತ್ತೆ ಇಲ್ಲಿ ನೆಲೆಗೊಂಡಿತು. 1918ರಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಹಳೆಯ ದೊರೆತನದ ಗುರುತಿನಂತಿದ್ದ ಈ ಕುದುರೆಗಳು ಯಾರಿಗೂ ಬೇಡವಾದವು, ಕಪ್ಪು ಬಣ್ಣದ ಹಿಂಡಂತೂ ಹೆಚ್ಚುಕಡಿಮೆ ಅಳಿದೇಹೋಯಿತು. ಉಳಿದ ಕೆಲವೇ ಕುದುರೆಗಳನ್ನು ಆಧಾರವಾಗಿಟ್ಟುಕೊಂಡು ಪ್ರಾಧ್ಯಾಪಕ ಫ್ರಾಂಟಿಷೆಕ್ ಬೀಲೆಕ್ ಅವರು 1930ರ ದಶಕದ ಕೊನೆಯಿಂದ ನಡೆಸಿದ ಸಂವರ್ಧನೆಯ ಕೆಲಸದಿಂದ ಆ ಹಿಂಡು ಮತ್ತೆ ಚೇತರಿಸಿಕೊಂಡಿತು. ಇಂದು ಡೆನ್ಮಾರ್ಕಿನ ರಾಜಮನೆತನದ ಸಾರೋಟುಗಳನ್ನು ಎಳೆಯುವುದು ಇದೇ ತಳಿಯ ಬಿಳಿಯ ಕುದುರೆಗಳು.

ಕುದುರೆಯ ಹತ್ತಿರ ಹೇಗಿರಬೇಕು

ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಕಾಣುತ್ತದೆ, ಆದರೆ ಬೆನ್ನ ಹಿಂದೆ ನೇರವಾಗಿ ನಿಂತವರು ಮತ್ತು ಹಣೆಯ ಮುಂದೆ ತೀರ ಹತ್ತಿರ ಚಾಚಿದ ಕೈ ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಹೋಗಲೇಬಾರದು. ಸಿಬ್ಬಂದಿ ಅನುಮತಿ ಕೊಟ್ಟಾಗ ಮಾತ್ರ, ಭುಜದ ಕಡೆಯಿಂದ, ಮೆಲುದನಿಯಲ್ಲಿ ಮಾತನಾಡುತ್ತಾ ಸಮೀಪಿಸಬೇಕು. ಕಿವಿಗಳು ಹಿಂದಕ್ಕೆ ಮಲಗಿ ತಲೆಗೆ ಅಂಟಿಕೊಂಡಿದ್ದರೆ ಅದು ಸಿಟ್ಟಿನ ಲಕ್ಷಣ, ಅಲ್ಲಿಂದ ಹಿಂದೆ ಸರಿಯಬೇಕು. ಬೀಜದ ಗಂಡುಕುದುರೆಗಳ ಲಾಯದಲ್ಲಿ ಕಂಬಿಗಳ ನಡುವೆ ಬೆರಳು ತೂರಿಸುವುದು ಅಪಾಯ.

ತಿನ್ನಲು ಏನನ್ನೂ ಕೊಡಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕುದುರೆಗೆ ವಾಂತಿ ಮಾಡಲಾಗದು. ನಾವು ಪ್ರೀತಿಯಿಂದ ಕೊಟ್ಟ ಬ್ರೆಡ್ಡು, ಬಿಸ್ಕತ್ತು ಹೊಟ್ಟೆಯಲ್ಲಿ ಹುದುಗಿ ಶೂಲೆ ಬಂದರೆ ಅದು ಪ್ರಾಣಕ್ಕೇ ಎರವಾಗಬಹುದು. ಫಾರಮ್ಮಿನವರು ಪ್ರತಿ ಕುದುರೆಗೂ ಅಳೆದು ಮೇವು ಹಾಕುತ್ತಾರೆ. ಒಂದೇ ದಿನ ನೂರಾರು ಪ್ರವಾಸಿಗರು ಒಂದೊಂದು ತುಣುಕು ಕೊಟ್ಟರೆ ಆ ಲೆಕ್ಕವೆಲ್ಲ ಹಾಳಾಗುತ್ತದೆ. ಮಕ್ಕಳಿಗೆ ಇದನ್ನು ಊರಿನಿಂದ ಹೊರಡುವಾಗಲೇ ತಿಳಿಹೇಳಿ. ಛತ್ರಿಯನ್ನು ಥಟ್ಟನೆ ಬಿಚ್ಚುವುದು, ಪ್ಲಾಸ್ಟಿಕ್ ಚೀಲ ಸರಪರ ಎನ್ನಿಸುವುದು, ಫ್ಲಾಶ್ ಹಾಕಿ ಫೋಟೊ ತೆಗೆಯುವುದು ಕುದುರೆಗಳನ್ನು ಬೆದರಿಸುತ್ತವೆ. ಇತ್ತೀಚೆಗೆ ಬೇರೆ ಕುದುರೆ ಫಾರಂ ಅಥವಾ ದನದ ಕೊಟ್ಟಿಗೆಗೆ ಹೋಗಿದ್ದರೆ ಅದೇ ಪಾದರಕ್ಷೆಯನ್ನು ತೊಳೆಯದೆ ಹಾಕಿಕೊಂಡು ಬರಬಾರದು, ಏಕೆಂದರೆ ರೋಗಗಳು ಕೆಸರಿನ ಜೊತೆಗೂ ದಾಟುತ್ತವೆ. ಪ್ರಾಣಿಗಳ ಕೂದಲಿನ ಅಲರ್ಜಿ ಅಥವಾ ಉಬ್ಬಸ ಇರುವವರು ಔಷಧಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ಲಾಯದಿಂದ ಹೊರಬಂದ ಮೇಲೆ ಸಾಲುಮರಗಳ ಹಾದಿಯಲ್ಲಿ ಅರ್ಧ ಗಂಟೆಯಾದರೂ ನಡೆಯಿರಿ. ಸುತ್ತಲಿನ ನೆಲ ಚಪ್ಪಟೆ, ಹಾದಿಗಳು ಗೆರೆ ಎಳೆದಷ್ಟು ನೇರ. ಇದು ಕೇವಲ ಅಂದಕ್ಕಾಗಿ ಮಾಡಿದ್ದಲ್ಲ. ನಾಲ್ಕು, ಆರು, ಎಂಟು ಕುದುರೆಗಳನ್ನು ಒಟ್ಟಿಗೆ ಕಟ್ಟಿದ ಗಾಡಿ ಸುಲಭವಾಗಿ ತಿರುಗುವುದಿಲ್ಲ. ಅಂಥ ತಂಡವನ್ನು ಪಳಗಿಸಲು ಇಂಥ ಉದ್ದನೆಯ ನೇರ ದಾರಿಗಳೇ ಬೇಕು. ಬೆಳಗಿನ ಹೊತ್ತಿನಲ್ಲಿ ಅಭ್ಯಾಸದ ಗಾಡಿಗಳು ಹಾದುಹೋದರೆ ಬದಿಗೆ ಸರಿದು ಸ್ತಬ್ಧರಾಗಿ ನಿಲ್ಲಿ. ಸಾರಥಿ ನಾಲ್ಕು ಕುದುರೆಗಳ ಲಗಾಮುಗಳನ್ನೂ ಎಡಗೈಯೊಂದರಲ್ಲಿ ಬೆರಳುಗಳ ನಡುವೆ ಬಿಡಿಬಿಡಿಯಾಗಿ ಹಿಡಿದು, ಬಲಗೈಯನ್ನು ಚಾವಟಿಗೆ ಮತ್ತು ಲಗಾಮು ಹೊಂದಿಸುವುದಕ್ಕೆ ಬಿಟ್ಟುಕೊಳ್ಳುವುದು ಹಳೆಯ ಪದ್ಧತಿ. ಅಭ್ಯಾಸದ ಗಾಡಿಗಳಲ್ಲಿ ಡಿಸ್ಕ್ ಬ್ರೇಕ್ ಹಾಕಿದ ಇಂದಿನ ಕ್ರೀಡಾ ಗಾಡಿಗಳೂ ಇರಬಹುದು. ಅವನ್ನು ಕಂಡು ನಿರಾಶರಾಗಬೇಕಿಲ್ಲ. ಹಳೆಯ ಸಾರೋಟು ಎಳೆಯುವ ವಿದ್ಯೆ ಇನ್ನೂ ಬದುಕಿರುವುದಕ್ಕೆ ಈ ಕ್ರೀಡೆಯೂ ದೊಡ್ಡ ಕಾರಣ.

ಸಾರೋಟುಗಳ ಮನೆಯಲ್ಲಿ

ಇಲ್ಲಿಗೆ ಬಂದಾಗ ಎಲ್ಲ ಗಾಡಿಗಳನ್ನೂ ಒಂದು ಸುತ್ತು ನೋಡಿಬಿಡುವ ಆತುರ ಬೇಡ. ಒಂದು ಗಾಡಿಯ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗುವುದು ನನಗೆ ಸರಿಯೆನಿಸಿದ ಕ್ರಮ. ಮೊದಲು ಚಕ್ರ. ಗುಂಭ, ಅರಗಳು, ಹೊರಗಿನ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ ಎಂಬ ಈ ರಚನೆ ನಮ್ಮ ಎತ್ತಿನ ಗಾಡಿಯದ್ದೇ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರು ಹುಯ್ದು ಕುಗ್ಗಿಸಿ ಬಿಗಿ ಮಾಡುವ ವಿಧಾನವೂ ನಮ್ಮ ಹಳ್ಳಿಯ ಕಮ್ಮಾರರು ಬಲ್ಲದ್ದೇ ಆಗಿತ್ತು. ವ್ಯತ್ಯಾಸ ಇರುವುದು ಮುಂದಿನ ಚಕ್ರಗಳಲ್ಲಿ. ನಾಲ್ಕು ಚಕ್ರದ ಗಾಡಿ ತಿರುಗಬೇಕಾದರೆ ಮುಂದಿನ ಅಚ್ಚು ಒಡಲಿನ ಅಡಿಗೆ ಹೊರಳಬೇಕು. ಅದಕ್ಕಾಗಿ ಮುಂದಿನ ಚಕ್ರಗಳನ್ನು ಹಿಂದಿನವಕ್ಕಿಂತ ಚಿಕ್ಕದಾಗಿ ಮಾಡಿದ್ದಾರೆ. ಎದುರಿನಿಂದ ನೋಡಿದರೆ ಅರಗಳು ಗುಂಭದಿಂದ ಸ್ವಲ್ಪ ಹೊರಕ್ಕೆ ಚಾಚಿ ಚಕ್ರ ತಟ್ಟೆಯಂತೆ ತಗ್ಗಾಗಿರುವುದು ಕಾಣುತ್ತದೆ. ಓಲಾಡುವ ಭಾರದ ಒತ್ತಡವನ್ನು ತಡೆಯುವ ಉಪಾಯ ಅದು.

ಚಕ್ರದ ಮೇಲೆ ಒಡಲು ಹೇಗೆ ಕುಳಿತಿದೆ ಎಂಬುದು ಗಾಡಿಯ ವಯಸ್ಸಿನ ಸುಳಿವು ಕೊಡುತ್ತದೆ. ಒಡಲು ದಪ್ಪನೆಯ ಚರ್ಮದ ಪಟ್ಟಿಗಳ ಮೇಲೆ ತೂಗಾಡುತ್ತಿದ್ದರೆ ಅದು ಹಳೆಯ ಪದ್ಧತಿ. ಉಕ್ಕಿನ ದೊಡ್ಡ ಕೊಕ್ಕೆಯಾಕಾರದ ಸ್ಪ್ರಿಂಗುಗಳ ತುದಿಯಿಂದ ಪಟ್ಟಿಗಳು ಇಳಿಬಿದ್ದಿದ್ದರೆ ಅದು ನಂತರದ್ದು. ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ, ಈಗಲೂ ಲಾರಿಗಳ ಅಡಿಯಲ್ಲಿ ಕಾಣುವಂಥ ಪಟ್ಟಿ ಸ್ಪ್ರಿಂಗು ಎರಡು ಬಿಲ್ಲುಗಳನ್ನು ಎದುರುಬದುರಾಗಿ ಇಟ್ಟಂತೆ ಅಚ್ಚಿನ ಮೇಲೆಯೇ ಕುಳಿತಿದ್ದರೆ ಆ ಗಾಡಿ 19ನೇ ಶತಮಾನದ್ದೋ ಆಮೇಲಿನದ್ದೋ ಎಂದು ತಿಳಿಯಬಹುದು. ಈ ಹೊಸ ಕ್ರಮದಿಂದ ಗಾಡಿ ಹಗುರವಾಯಿತು, ನೆಲಕ್ಕೆ ಹತ್ತಿರವಾಯಿತು, ಒಂದೇ ಕುದುರೆ ಎಳೆಯಬಲ್ಲ ಚಿಕ್ಕ ಗಾಡಿಗಳಿಗೂ ದಾರಿಯಾಯಿತು. ಲಂಡನ್ನಿನಲ್ಲಿ 1838ರಲ್ಲಿ ಬ್ರೂಮ್ ಪ್ರಭುವಿಗಾಗಿ ತಯಾರಾಗಿ ಅವರ ಹೆಸರನ್ನೇ ಪಡೆದ ಮುಚ್ಚಿದ ಪುಟ್ಟ ಗಾಡಿ ಅಂಥದ್ದು.

ಯಾರು ನಡೆಸುತ್ತಿದ್ದರು ಎಂಬ ಪ್ರಶ್ನೆಯನ್ನೂ ಪ್ರತಿ ಗಾಡಿಗೆ ಕೇಳಿ ನೋಡಿ. ಸಾರಥಿಯ ಪೀಠ ಪ್ರತ್ಯೇಕವಾಗಿ ಎತ್ತರದಲ್ಲಿದ್ದು ಹಿಂದೆ ಸೇವಕರು ನಿಲ್ಲಲು ಹಲಗೆಯೂ ಹಿಡಿದುಕೊಳ್ಳಲು ಪಟ್ಟಿಗಳೂ ಇದ್ದರೆ ಅದು ಮೆರವಣಿಗೆಯ ಗಾಡಿ. ಮಾಲೀಕನೇ ಮುಂದೆ ಕುಳಿತು ಲಗಾಮು ಹಿಡಿಯುವಂತೆ ಮಾಡಿದ್ದು ಫೀಟನ್. ಎದುರುಬದುರು ಎರಡು ಸಾಲಿನ ಆಸನವಿದ್ದು ಎರಡು ಕಡೆಯಿಂದಲೂ ಚರ್ಮದ ಕಮಾನು ಎಳೆದು ಮುಚ್ಚಬಹುದಾದದ್ದು ಲ್ಯಾಂಡೋ. ಮಳೆ ಬಂದರೆ ಮುಚ್ಚುವ, ಬಿಸಿಲು ಬಂದರೆ ತೆರೆಯುವ ಈ ಅನುಕೂಲದಿಂದಲೇ ರಾಜಮನೆತನಗಳ ಮೆರವಣಿಗೆಗಳಲ್ಲಿ ಅದು ಇಂದಿಗೂ ಉಳಿದಿದೆ. ಸಾರಥಿಯ ಪೀಠವೇ ಇಲ್ಲದ ಗಾಡಿ ಕಂಡರೆ ಗೊಂದಲವಾಗಬಾರದು, ಅಂಥ ಗಾಡಿಯಲ್ಲಿ ಎಡಗಡೆಯ ಕುದುರೆಯ ಬೆನ್ನ ಮೇಲೆ ಕುಳಿತ ರಾವುತನೇ ಜೋಡಿಯನ್ನು ನಡೆಸುತ್ತಾನೆ.

ಕಣ್ಣಿಗೆ ಸುಲಭವಾಗಿ ತಪ್ಪಿಹೋಗುವ ಒಂದು ವಸ್ತುವೆಂದರೆ ಗಾಡಿಯ ದೀಪ. ಹಲವು ದೀಪಗಳ ಕೆಳಗೆ ಉದ್ದನೆಯ ಲೋಹದ ಕೊಳವೆ ಇರುತ್ತದೆ. ಅದರೊಳಗೆ ಮೇಣದಬತ್ತಿ, ಅದರ ಅಡಿಯಲ್ಲಿ ಸುರುಳಿ ಸ್ಪ್ರಿಂಗು. ಬತ್ತಿ ಉರಿದು ಕರಗಿದಷ್ಟೂ ಸ್ಪ್ರಿಂಗು ಅದನ್ನು ಮೇಲಕ್ಕೆ ತಳ್ಳುತ್ತಾ ಜ್ವಾಲೆಯನ್ನು ಸದಾ ಗಾಜಿನ ನಡುವಿನಲ್ಲೇ ನಿಲ್ಲಿಸುತ್ತದೆ. ಬಾಗಿಲ ಕೆಳಗೆ ಮಡಿಸಿಟ್ಟ ಮೆಟ್ಟಿಲು, ಕಿಟಕಿಯ ಗಾಜನ್ನು ಎತ್ತಲು ಒಳಗಿನ ಬಟ್ಟೆಯ ಪಟ್ಟಿ, ಇಳಿಜಾರಿನಲ್ಲಿ ಹಿಂದಿನ ಚಕ್ರದ ಅಡಿಗೆ ಕೊಡುತ್ತಿದ್ದ ಸರಪಳಿಯ ಕಬ್ಬಿಣದ ತಡೆ ಇವನ್ನೂ ಹುಡುಕಿ ನೋಡಿ. ಕುದುರೆಯ ಸರಂಜಾಮುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು: ಭಾರ ಎಳೆಯುವ ಒತ್ತಡ ಕತ್ತಿನ ಸುತ್ತಲಿನ ಗಟ್ಟಿ ಪಟ್ಟದ ಮೇಲೆ ಬೀಳುತ್ತಿತ್ತೋ ಎದೆಯ ಮೇಲಿನ ಅಗಲ ಪಟ್ಟಿಯ ಮೇಲೋ ಎಂದು ನೋಡಿದರೆ, ಲಾಯದಲ್ಲಿ ಕಂಡ ಆ ದಪ್ಪ ಕತ್ತು ಮತ್ತು ಅಗಲ ಎದೆಯ ಉಪಯೋಗ ಕಣ್ಣಿಗೆ ಕಟ್ಟುತ್ತದೆ. ಹಳೆಯ ಚರ್ಮ, ರೇಷ್ಮೆ, ಮೆರುಗೆಣ್ಣೆ ಬೆಳಕಿಗೆ ಬೇಗ ಹಾಳಾಗುತ್ತವೆ. ಬೆರಳಿನ ಬೆವರೂ ಅವಕ್ಕೆ ಕೆಡುಕು. ಹಗ್ಗದ ಆಚೆ ಕೈ ಚಾಚಬಾರದು, ಫ್ಲಾಶ್ ಬಳಸಬಾರದು.

ಇನ್ನೊಂದು ದಿನ ಕೈಯಲ್ಲಿದ್ದರೆ

ಪಾರ್ದುಬಿತ್ಸೆಯಲ್ಲಿ ಉಳಿದುಕೊಂಡು ಮರುದಿನ ಸ್ಲಾತಿನ್ಯಾನಿಗೆ ಹೋಗಬಹುದು. ಕಪ್ಪು ಕುದುರೆಗಳ ಲಾಯ, ಆವರ್ಸ್‌ಪೆರ್ಗ್ ಮನೆತನದ ಅರಮನೆ, ಈ ತಳಿಯ ಬಗ್ಗೆ ಮಕ್ಕಳೂ ಮುಟ್ಟಿ ಆಡಿ ಕಲಿಯುವಂತೆ ರೂಪಿಸಿದ ಷ್ವಿತ್ಸಾರ್ನಾ ಎಂಬ ವಸ್ತುಸಂಗ್ರಹಾಲಯ ಅಲ್ಲಿವೆ. ಮಕ್ಕಳಿರುವ ಕುಟುಂಬಕ್ಕೆ ಇದನ್ನು ತಪ್ಪಿಸಬಾರದು. ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ ಪಾರ್ದುಬಿತ್ಸೆಯಲ್ಲಿ 1874ರಿಂದ ನಡೆದುಬಂದ ಪ್ರಸಿದ್ಧ ಅಡೆತಡೆಯ ಕುದುರೆ ಓಟವಿರುತ್ತದೆ. ಅದನ್ನು ನೋಡುವ ಉದ್ದೇಶವಿಲ್ಲದವರು ಆ ವಾರಾಂತ್ಯವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು, ಕೋಣೆ ಸಿಗುವುದು ಕಷ್ಟ.

ವಿಯೆನ್ನಾಕ್ಕೆ ಮುಂದುವರಿಯುವವರು ಷೋನ್‌ಬ್ರುನ್ ಅರಮನೆಯ ಆವರಣದಲ್ಲಿರುವ ವಾಗನ್‌ಬುರ್ಗ್ ಸಂಗ್ರಹಾಲಯಕ್ಕೆ ಎರಡು ಗಂಟೆ ಮೀಸಲಿಡಲಿ. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಚಿನ್ನದ ಸಾರೋಟು ಇರುವುದು ಅಲ್ಲಿ. ಸುಮಾರು ನಾಲ್ಕು ಟನ್ ತೂಗುವ ಆ ಸಾರೋಟನ್ನು ಎಂಟು ಬಿಳಿಯ ಕುದುರೆಗಳು ಕಾಲ್ನಡಿಗೆಯ ವೇಗದಲ್ಲಿ ಎಳೆಯುತ್ತಿದ್ದವು. ಅದೇ ಸಂಗ್ರಹದಲ್ಲಿರುವ ಕಪ್ಪು ಶವವಾಹನ 1916ರಲ್ಲಿ ಫ್ರಾನ್ಸ್ ಜೋಸೆಫ್ ಚಕ್ರವರ್ತಿಯ ಅಂತ್ಯಯಾತ್ರೆಗೂ 1989ರಲ್ಲಿ ಕೊನೆಯ ಚಕ್ರವರ್ತಿನಿ ಝೀಟಾ ಅವರ ಅಂತ್ಯಯಾತ್ರೆಗೂ ಬಳಕೆಯಾಯಿತು. ಕ್ಲಾದ್ರುಬಿಯನ್ನು ನೋಡಿದ ಮೇಲೆಯೇ ಇಲ್ಲಿಗೆ ಬರುವಂತೆ ಪ್ರವಾಸದ ಕ್ರಮವನ್ನು ಹಾಕಿಕೊಳ್ಳಿ. ವಿಯೆನ್ನಾದಿಂದ ಪ್ರವಾಸ ಆರಂಭಿಸುವವರು ವಾಗನ್‌ಬುರ್ಗನ್ನು ಹಿಂದಿರುಗುವ ದಿನಕ್ಕೆ ಇಟ್ಟುಕೊಂಡರೆ ಸಾಕು.